ಮರಗಪ್ಪೆಯ ಕವಿತೆಯಿಂದ ಶುರುಮಾಡಿ: ಹೊಸ ಫಾರಸಿ ಕಾವ್ಯದಲ್ಲಿ ನಾದ ಮತ್ತು ಪದಜೋಡಿಗಳನ್ನು ಗುರುತಿಸುವ ಬಗೆ

ಫಾರಸಿ ಬಾರದವರಿಗೆ ಫಾರಸಿ ಕವಿತೆಯ ನಾದ ದಕ್ಕುತ್ತದೆಯೇ ಎಂದು ಅಂಕೋಲೆಯ ನಮ್ಮ ಭಾನುವಾರದ ಓದಿನ ಕೂಟಕ್ಕೆ ಹೊಸದಾಗಿ ಬಂದವರು ಕೇಳಿಯೇ ಕೇಳುತ್ತಾರೆ. ದಕ್ಕುತ್ತದೆ. ಪ್ರೌಢಶಾಲೆಯಲ್ಲಿ ಕಲಿತ ಗುರು-ಲಘು ಪ್ರಸ್ತಾರ ಅಷ್ಟಿಷ್ಟು ನೆನಪಿರಬೇಕು, ಎರಡು ಬಣ್ಣದ ಪೆನ್ಸಿಲ್ ಬೇಕು, ಒಂದೇ ಕವಿತೆಯನ್ನು ಮತ್ತೆ ಮತ್ತೆ ಗಟ್ಟಿಯಾಗಿ ಓದಲು ನಾಚಿಕೆ ಇರಬಾರದು. ಮನೆಯವರು ನಕ್ಕರೆ ನಗಲಿ.

ಅಲಂಕಾರಗಳ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡು ಆಮೇಲೆ ಕವಿತೆಗೆ ಕೈಹಾಕುವ ಪದ್ಧತಿ ನನಗೆ ಹಿಡಿಸುವುದಿಲ್ಲ. ‘ಇದು ಛೇಕಾನುಪ್ರಾಸ, ಇದು ಯಮಕ’ ಎಂದು ಚೀಟಿ ಅಂಟಿಸಿ ಮುಂದಿನ ಸಾಲಿಗೆ ಜಿಗಿಯುವವರನ್ನು ನಿಲ್ಲಿಸಿ, ಆ ಅನುಪ್ರಾಸದಿಂದ ಸಾಲಿನಲ್ಲಿ ಏನಾಯಿತು ಎಂದು ಕೇಳಿ ನೋಡಿ, ತಲೆ ಕೆರೆದುಕೊಳ್ಳುತ್ತಾರೆ. ಅದಕ್ಕೇ ಇಲ್ಲಿ ಹೆಸರುಗಳನ್ನು ಹಿಂದಕ್ಕೆ ತಳ್ಳಿದ್ದೇನೆ.

ನಾನು ಇದನ್ನು ಕಾಲೇಜಿನಲ್ಲಿ ಕಲಿತವನಲ್ಲ. ದುಬೈಯ ದೇರಾದಲ್ಲಿ ಸರಕು ಸಾಗಣೆಯ ಕಚೇರಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದಾಗ ಪಕ್ಕದ ಮೇಜಿನಲ್ಲಿ ಇರಾನಿನ ಮಾಜ಼ಂದರಾನ್ ಪ್ರಾಂತ್ಯದ ಸಾರಿ ಎಂಬ ಊರಿನವರೊಬ್ಬರು ಕೂರುತ್ತಿದ್ದರು. ಮಧ್ಯಾಹ್ನದ ಚಹಾದ ಹೊತ್ತಿಗೆ ಹಳೆಯ ಬಿಲ್ಲುಗಳ ಬೆನ್ನಿನ ಮೇಲೆ ಸಾಲು ಬರೆದು, ಮೇಜಿಗೆ ಬೆರಳು ಬಡಿದು ಓದಿಸುತ್ತಿದ್ದರು. ಸಾಲು ನಾಲಿಗೆಗೆ ಹತ್ತುವ ಮೊದಲು ಅರ್ಥ ಕೇಳಿದರೆ ಸಿಡುಕುತ್ತಿದ್ದರು. ಕೆಳಗೆ ಹೇಳುವ ಕ್ರಮ ಬಹುಪಾಲು ಅವರದೇ; ಕನ್ನಡ ಛಂದಸ್ಸಿನ ಗಂಟನ್ನು ಹಾಕಿದ್ದು ಮಾತ್ರ ನಾನು.

ಈ ಕರಾವಳಿಗೂ ಫಾರಸಿಗೂ ಎಲ್ಲಿಯ ಸಂಬಂಧ ಎನ್ನುವವರಿಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಕಾರವಾರದ ಕಡಲತೀರ ಯಾರ ಹೆಸರನ್ನು ಹೊತ್ತಿದೆಯೋ ಆ ರವೀಂದ್ರನಾಥ ಠಾಕೂರರ ತಂದೆ ದೇವೇಂದ್ರನಾಥರಿಗೆ ಫಾರಸಿಯ ಹಳೆಯ ಕವಿ ಹಾಫಿಜ಼ನ ಪದ್ಯಗಳು ಬಾಯಿಗೆ ಬರುತ್ತಿದ್ದವು. ಮಗ 1932ರಲ್ಲಿ ಇರಾನಿಗೆ ಹೋದಾಗ ಶಿರಾಜ಼ಿನ ಹಾಫಿಜ಼್ ಸಮಾಧಿಗೆ ಭೇಟಿಕೊಟ್ಟು ಬಂದರು.

ಕವಿತೆ ಯಾವುದು

ನೀಮಾ ಯೂಶೀಜ್ ಅವರ ‘ದಾರ್‌ವಗ್’ ತೆಗೆದುಕೊಳ್ಳಿ. ಚಿಕ್ಕದು, ಮತ್ತು ನಮ್ಮ ಕಡೆಯವರಿಗೆ ತೀರ ಹತ್ತಿರದ್ದು. ದಾರ್‌ವಗ್ ಎಂದರೆ ಮಾಜ಼ಂದರಾನಿನ ಆಡುಮಾತಿನಲ್ಲಿ ಮರಗಪ್ಪೆ. ಅದು ಕೂಗಿದರೆ ಮಳೆ ಬರುತ್ತದೆ ಎಂದು ಅಲ್ಲಿಯ ರೈತರ ನಂಬಿಕೆ. ಆ ಸೀಮೆಯನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಲು ನೀವು ಕಷ್ಟಪಡಬೇಕಾಗಿಲ್ಲ: ಒಂದು ಬದಿಗೆ ಕ್ಯಾಸ್ಪಿಯನ್ ಸಮುದ್ರ, ಇನ್ನೊಂದು ಬದಿಗೆ ಕಾಡು ಹೊದ್ದ ಬೆಟ್ಟಸಾಲು, ನಡುವಿನ ಪಟ್ಟಿಯಲ್ಲಿ ಭತ್ತದ ಗದ್ದೆ. ಇರಾನ್ ಎಂದರೆ ಮರುಭೂಮಿ ಎಂದುಕೊಂಡವರು ಈ ಕವಿತೆಯಲ್ಲಿ ಎಡವುತ್ತಾರೆ.

ನೀಮಾ ಹುಟ್ಟಿದ್ದು 1897ರಲ್ಲಿ, ಅದೇ ಪ್ರಾಂತ್ಯದ ಯೂಶ್ ಎಂಬ ಬೆಟ್ಟದ ಹಳ್ಳಿಯಲ್ಲಿ, ತೀರಿಕೊಂಡದ್ದು 1960ರಲ್ಲಿ. ಫಾರಸಿಯಲ್ಲಿ ಹೊಸ ಕಾವ್ಯ ಶುರುವಾದದ್ದೇ ಇವರಿಂದ. ಹಳೆಯ ಗಜ಼ಲಿನಲ್ಲಿ ಪ್ರತಿ ಸಾಲಿಗೂ ಗಣಗಳ ಸಂಖ್ಯೆ ಒಂದೇ ಇರಬೇಕು, ಪ್ರಾಸ ನಿಗದಿಯಾದ ಜಾಗದಲ್ಲೇ ಬೀಳಬೇಕು. ನೀಮಾ ಗಣವನ್ನು ಬಿಡಲಿಲ್ಲ. ಸಾಲಿಗೆ ಎಷ್ಟು ಗಣ ಎಂಬ ಕಟ್ಟನ್ನು ಸಡಿಲಿಸಿದರು. ಪ್ರಾಸವು ವಿಷಯಕ್ಕೆ ಬಾರಿಸುವ ಗಂಟೆ ಎನ್ನುವುದು ಅವರ ನಿಲುವು. ಮಾತು ಒಂದು ಘಟ್ಟಕ್ಕೆ ಬಂದಾಗ ಬಾರಿಸಿದರೆ ಸಾಕು, ಹೆಜ್ಜೆಹೆಜ್ಜೆಗೂ ಬೇಡ. ಇದರಿಂದ ಓದುಗನಿಗೆ ಒಂದು ಹೊಸ ಕೆಲಸ ಬಂತು. ಗಜ಼ಲಿನಲ್ಲಿ ಪ್ರಾಸ ಎಲ್ಲಿದೆ ಎಂದು ಹುಡುಕುವುದು ಬೇಕಿಲ್ಲ. ನೀಮಾರ ನಂತರದ ಕವಿತೆಯಲ್ಲಿ ಸಾಲಿನ ಹೊಟ್ಟೆಯೊಳಗೆ ಹೊಕ್ಕು ಹುಡುಕಬೇಕು.

ಕನ್ನಡ ಲಿಪಿಗೆ ಇಳಿಸುವುದು

ಮೊದಲು ಕವಿತೆಯನ್ನು ನಿಮ್ಮ ಕೈಯಿಂದಲೇ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಬೇಕು. ಫಾರಸಿ ಲಿಪಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಭಟ್ಕಳದಲ್ಲಿ ನವಾಯತ ಗೆಳೆಯರಿದ್ದರೆ ಅಕ್ಷರ ಓದಿಸಿಕೊಳ್ಳಬಹುದು, ಅವರ ನವಾಯತಿಯನ್ನು ಬರೆಯುವುದೂ ಅದೇ ಬಗೆಯ ಲಿಪಿಯಲ್ಲಿ. ಆದರೆ ಉರ್ದು ಓದಿ ಬೆಳೆದ ನಾಲಿಗೆ ‘ಕಿತಾಬ್’, ‘ದಿಲ್’ ಎನ್ನುವಲ್ಲಿ ಇರಾನಿನವರು ‘ಕೆತಾಬ್’, ‘ದೆಲ್’ ಎನ್ನುತ್ತಾರೆ. ನಾದವನ್ನೇ ಹಿಡಿಯಲು ಹೊರಟವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಆದ್ದರಿಂದ ಇರಾನಿನವರು ಓದಿದ ಧ್ವನಿಮುದ್ರಿಕೆಯನ್ನು ಮೊಬೈಲಿನಲ್ಲಿ ಹಾಕಿಕೊಂಡು, ನಿಲ್ಲಿಸಿ ನಿಲ್ಲಿಸಿ ಬರೆದುಕೊಳ್ಳಿ.

ಮೂರು ವಿಷಯ ಗಮನದಲ್ಲಿರಲಿ. ಪದಕ್ಕೆ ಪದವನ್ನು ಕಟ್ಟುವ ‘ಎ’ ಎಂಬ ಸ್ವರ ಬರವಣಿಗೆಯಲ್ಲಿ ಕಾಣುವುದಿಲ್ಲ, ಬಾಯಲ್ಲಿ ಕೇಳಿಸುತ್ತದೆ. ಬಿಟ್ಟರೆ ಛಂದಸ್ಸು ಕುಂಟುತ್ತದೆ. ‘ಖ’ ಎಂದು ನಾವು ಬರೆಯುವುದು ನಮ್ಮ ಮಹಾಪ್ರಾಣವಲ್ಲ, ಗಂಟಲನ್ನು ಕೆರೆದು ಹೊರಡುವ ಸದ್ದು. ಮತ್ತೆ, ‘ಜ಼’ ಎಂಬ ಒಂದು ಧ್ವನಿಗೆ ಅಲ್ಲಿ ನಾಲ್ಕು ಅಕ್ಷರಗಳಿವೆ, ‘ಸ’ಕ್ಕೆ ಮೂರು, ‘ತ’ಕ್ಕೆ ಎರಡು. ಕನ್ನಡಕ್ಕೆ ಇಳಿಸಿದಾಗ ಇವೆಲ್ಲ ಒಂದಾಗುವುದರಿಂದ ಕಿವಿಯ ಕೆಲಸ ಹಗುರಾಗುತ್ತದೆ. ಅಕ್ಷರದ ಆಕಾರ ಒಂದೇ ಇದ್ದು ಚುಕ್ಕೆ ಮಾತ್ರ ಬೇರೆಯಾಗುವ ಜೋಡಿಗಳ ಆಟವೊಂದು ಹಳೆಯ ಕಾವ್ಯದಲ್ಲಿದೆ, ಅದು ನಮಗೆ ತಪ್ಪಿಹೋಗುತ್ತದೆ. ಹೋಗಲಿ.

ಬರೆದ ಮೇಲೆ ಹೀಗೆ ಕಾಣಬೇಕು. ಕವಿತೆಯ ಮೊದಲ ಭಾಗ ಇದು:

ಖೊಶ್ಕ್ ಆಮದ್ ಕೆಶ್ತ್‌ಗಾಹೆ ಮನ್
ದರ್ ಜವಾರೆ ಕೆಶ್ತೆ ಹಮ್‌ಸಾಯೆ.
ಗರ್‌ಚೆ ಮೀಗೂಯಂದ್: ಮೀಗೆರ್ಯಂದ್ ರೂಯೆ ಸಾಹೆಲೆ ನಜ಼್ದೀಕ್
ಸೂಗ್‌ವಾರಾನ್ ದರ್ ಮಿಯಾನೆ ಸೂಗ್‌ವಾರಾನ್.
ಗಾಸೆದೆ ರೂಜ಼ಾನೆ ಅಬ್ರೀ, ದಾರ್‌ವಗ್, ಕೆಯ್ ಮೀರೆಸದ್ ಬಾರಾನ್?

ಅರ್ಥವನ್ನು ಇಲ್ಲೇ ಕೊಟ್ಟುಬಿಡುತ್ತೇನೆ, ದುಬೈಯ ನನ್ನ ಗೆಳೆಯರಷ್ಟು ಕಠಿಣ ನಾನಲ್ಲ. ನೆರೆಯವನ ಬೆಳೆಯ ಮಗ್ಗುಲಲ್ಲೇ ನನ್ನ ಹೊಲ ಒಣಗಿಹೋಯಿತು. ಹತ್ತಿರದ ದಡದಲ್ಲಿ ದುಃಖಿಗಳ ನಡುವೆ ದುಃಖಿಗಳು ಅಳುತ್ತಿದ್ದಾರೆ ಎಂದು ಹೇಳುತ್ತಾರಾದರೂ. ಮೋಡದ ದಿನಗಳ ದೂತನೇ, ಮರಗಪ್ಪೆಯೇ, ಮಳೆ ಎಂದು ಬಂದೀತು? 1952ರ ಸುಮಾರಿನ ಕವಿತೆ. ‘ನೆರೆಯವನು’ ಎಂದರೆ ಕ್ಯಾಸ್ಪಿಯನ್ನಿನ ಆಚೆಯ ದೊಡ್ಡ ದೇಶವಾದ ಸೋವಿಯತ್ ಒಕ್ಕೂಟ ಎಂದು ಓದುವವರು ಇರಾನಿನಲ್ಲಿ ಬಹಳ ಮಂದಿ. ಹಾಗೆಯೂ ಓದಿ, ಬರಿಯ ಹೊಲದ ಕವಿತೆಯಾಗಿಯೂ ಓದಿ. ನಾದದ ಲೆಕ್ಕ ಎರಡಕ್ಕೂ ಒಂದೇ.

ಗುರು-ಲಘು ಹಾಕುವುದು

ಪೆನ್ಸಿಲ್ ಎತ್ತುವ ಮೊದಲು ಪ್ರಸ್ತಾರ. ಇದನ್ನು ಬಿಟ್ಟು ನೇರವಾಗಿ ಅನುಪ್ರಾಸಕ್ಕೆ ಹೋಗುವವರೇ ಹೆಚ್ಚು, ಮತ್ತು ಅವರು ಈ ಕವಿತೆಯ ಅತ್ಯುತ್ತಮ ಜೋಡಿಯನ್ನು ಕಾಣದೆಯೇ ಹೋಗುತ್ತಾರೆ.

ನಿಯಮ ನಮ್ಮದರಂತೆಯೇ, ಒಂದು ತಿರುವು ಮಾತ್ರ ಬೇರೆ. ದೀರ್ಘ ಸ್ವರದ ಮೇಲೆ ಒಂದು ವ್ಯಂಜನ ನಿಂತರೆ (ಸೂಗ್), ಅಥವಾ ಹ್ರಸ್ವದ ಮೇಲೆ ಎರಡು ವ್ಯಂಜನ ನಿಂತರೆ (ಯಂದ್, ಖೊಶ್ಕ್), ಅದನ್ನು ಒಂದು ಗುರು ಮತ್ತು ಅದರ ಬೆನ್ನಿಗೊಂದು ಲಘು ಎಂದು ಎಣಿಸಬೇಕು. ದೀರ್ಘದ ಮೇಲಿನ ‘ನ್’ ಇದಕ್ಕೆ ಹೊರತು. ‘ರಾನ್’ ಬರಿಯ ಗುರು. ಜೋಡಿಸುವ ‘ಎ’ ಸ್ವರವನ್ನು ಅಗತ್ಯ ಬಿದ್ದಲ್ಲಿ ಎಳೆದು ಗುರು ಮಾಡಿಕೊಳ್ಳುವ ಸ್ವಾತಂತ್ರ್ಯ ಉಂಟು. ಹೀಗೆ ಹಾಕಿದರೆ ಮೂರನೆಯ ಸಾಲು ಒಡೆಯುವುದು ಈ ರೀತಿ:

ಗರ್ ಚೆ ಮೀ ಗೂ | ಯಂದ್ ಮೀ ಗೆರ್ | ಯಂದ್ ರೂ ಯೆ | ಸಾ ಹೆ ಲೆ ನಜ಼್ | ದೀಕ್

ಪ್ರತಿ ಗಣವೂ ಗುರು, ಲಘು, ಗುರು, ಗುರು. ‘ಯಮಾತಾರಾಜಭಾನಸಲಗಂ’ ನೆನಪಿದ್ದವರಿಗೆ: ರಗಣ, ಅದರ ಮೇಲೊಂದು ಗುರು. ಫಾರಸಿಯವರು ಈ ನಡೆಯನ್ನು ರಮಲ್ ಎನ್ನುತ್ತಾರೆ. ಕೊನೆಯಲ್ಲಿ ‘ದೀಕ್’ ಒಂಟಿಯಾಗಿ ಉಳಿಯುತ್ತದೆ. ಮೊದಲ ಎರಡು ಸಾಲುಗಳಿಗೆ ಎರಡೆರಡು ಗಣ ಮತ್ತು ಒಂದು ಉಳಿಕೆ, ಮೂರನೆಯದಕ್ಕೆ ನಾಲ್ಕು ಮತ್ತು ಉಳಿಕೆ, ನಾಲ್ಕನೆಯದಕ್ಕೆ ಸರಿಯಾಗಿ ಮೂರು, ಐದನೆಯದಕ್ಕೆ ಮತ್ತೆ ನಾಲ್ಕು ಮತ್ತು ಉಳಿಕೆ. ಸಾಲುಗಳು ಉದ್ದಗಿಡ್ಡವಾದರೂ ಹೆಜ್ಜೆ ಒಂದೇ ಎಂಬುದು ಈಗ ಕಣ್ಣಿಗೇ ಕಾಣುತ್ತದೆ.

ಇನ್ನು ಮೇಲೆ ಒಡೆದ ಸಾಲನ್ನು ಮತ್ತೊಮ್ಮೆ ನೋಡಿ. ಮೊದಲ ಗಣದ ಬಾಲ ‘ಮೀ ಗೂ’. ಎರಡನೆಯದರ ಬಾಲ ‘ಮೀ ಗೆರ್’. ಎರಡನೆಯದರ ತಲೆ ‘ಯಂದ್’, ಮೂರನೆಯದರ ತಲೆಯೂ ‘ಯಂದ್’. ಮೀಗೂಯಂದ್ ಎಂದರೆ ‘ಹೇಳುತ್ತಾರೆ’, ಮೀಗೆರ್ಯಂದ್ ಎಂದರೆ ‘ಅಳುತ್ತಾರೆ’. ಎರಡು ಕ್ರಿಯಾಪದಗಳೂ ಗಣದೊಳಗೆ ಒಂದೇ ಜಾಗದಲ್ಲಿ ಕುಳಿತಿವೆ, ಬೇರೆಯಾಗಿರುವುದು ಒಂದು ಅಕ್ಷರದಷ್ಟು. ತಾಳ ಬಡಿದು ಓದಿದರೆ ಹೇಳುವುದು ಎಲ್ಲಿ ಮುಗಿಯಿತು, ಅಳು ಎಲ್ಲಿ ಶುರುವಾಯಿತು ಎಂಬುದು ಕಿವಿಗೆ ಸುಲಭವಾಗಿ ಗೊತ್ತಾಗುವುದಿಲ್ಲ. ಒಣಗಿದ ಹೊಲದವನಿಗೆ ಹತ್ತಿರದ ದಡದವರ ಅಳು ತಲುಪಿರುವುದೇ ಇನ್ನೊಬ್ಬರ ಬಾಯಿಮಾತಾಗಿ. ಅದು ನಿಜವಾದ ಅಳುವೋ ಬರಿಯ ಮಾತೋ ಎಂಬ ಅನುಮಾನವನ್ನು ಕವಿ ಬಾಯಿಬಿಟ್ಟು ಹೇಳದೆ, ಎರಡು ಪದಗಳನ್ನು ಹೆಗಲಿಗೆ ಹೆಗಲು ತಾಗಿಸಿ ಕೂರಿಸಿ ಮುಗಿಸಿದ್ದಾರೆ. ನಾನು ಓದಿದ ಹೊಸ ಫಾರಸಿ ಕವಿತೆಗಳಲ್ಲಿ ಇಷ್ಟು ಅಗ್ಗದಲ್ಲಿ ಇಷ್ಟು ದೊಡ್ಡ ಕೆಲಸ ಮಾಡಿಸಿಕೊಂಡ ಜೋಡಿ ಇನ್ನೊಂದಿಲ್ಲ.

ಕೆಂಪು ಮತ್ತು ನೀಲಿ

ಕೆಂಪು ಪೆನ್ಸಿಲ್ ಬಿಡಿ ಸದ್ದುಗಳಿಗೆ. ಯಾವ ವ್ಯಂಜನ, ಯಾವ ಸ್ವರ ಮತ್ತೆ ಮತ್ತೆ ಬರುತ್ತದೆಯೋ ಅದರ ಕೆಳಗೆ ಗೆರೆ ಎಳೆಯಿರಿ. ಎಲ್ಲ ಸದ್ದಿಗೂ ಒಟ್ಟಿಗೆ ಹೋಗಬೇಡಿ. ಒಂದು ಸಲದ ಓದಿಗೆ ಒಂದೇ ಸದ್ದು.

‘ರ’ ಹಿಡಿದು ಹೊರಡಿ. ಮೊದಲ ಸಾಲಿನಲ್ಲಿ ಒಂದೂ ಸಿಗುವುದಿಲ್ಲ. ಖೊಶ್ಕ್, ಕೆಶ್ತ್: ಶಕಾರ ಕಕಾರಗಳ ಒರಟು ಉಜ್ಜಾಟ ಮಾತ್ರ. ಕೊನೆಯ ಸಾಲಿಗೆ ಬನ್ನಿ: ರೂಜ಼ಾನ್, ಅಬ್ರೀ, ದಾರ್‌ವಗ್, ಮೀರೆಸದ್, ಬಾರಾನ್. ‘ಗಾಸೆದ್’ ಮತ್ತು ‘ಕೆಯ್’ ಬಿಟ್ಟರೆ ಎಲ್ಲ ಪದಗಳಲ್ಲೂ ರಕಾರ. ಒಣಗಿದ ಹೊಲದಲ್ಲಿ ಅದು ಇಲ್ಲ, ಮಳೆಯನ್ನು ಕೇಳುವ ಸಾಲಿನಲ್ಲಿ ತುಂಬಿ ಹರಿಯುತ್ತದೆ. ಇಷ್ಟು ಕಂಡೊಡನೆ ರಕಾರವೆಂದರೆ ಮಳೆ ಎಂದು ಸೂತ್ರ ಕಟ್ಟಿಬಿಡಬೇಡಿ. ಕೂಟದಲ್ಲಿ ಒಬ್ಬರು ಹಾಗೆ ಮಾಡಿ, ಮುಂದೆ ಸಿಕ್ಕ ಪ್ರತಿ ಕವಿತೆಯ ರಕಾರಕ್ಕೂ ಕೊಡೆ ಹಿಡಿಯತೊಡಗಿದರು. ಸದ್ದಿಗೆ ತನ್ನದೇ ಅರ್ಥವಿಲ್ಲ. ಎಲ್ಲಿ ಇಲ್ಲ, ಎಲ್ಲಿ ಇದೆ ಎಂಬ ಅಂತರದಿಂದ ಅರ್ಥ ಬರುತ್ತದೆ. ಆದ್ದರಿಂದ ಗೆರೆ ಬಿದ್ದ ಜಾಗದಷ್ಟೇ ಗೆರೆ ಬೀಳದ ಜಾಗವನ್ನೂ ನೋಡಬೇಕು.

ನೀಲಿ ಪೆನ್ಸಿಲ್ ಪದಜೋಡಿಗಳಿಗೆ. ಒಂದನ್ನೊಂದು ಕರೆಯುವ ಪದಗಳನ್ನು ಕಮಾನು ಎಳೆದು ಜೋಡಿಸಿ. ಖೊಶ್ಕ್ ಮತ್ತು ಕೆಶ್ತ್: ಒಣಗಿದ್ದು, ಬಿತ್ತಿದ್ದು. ಅರ್ಥದಲ್ಲಿ ಎದುರಾಳಿಗಳು, ಸದ್ದಿನಲ್ಲಿ ಸಹೋದರರು. ನನ್ನದು ಕೆಶ್ತ್‌ಗಾಹ್, ಅಂದರೆ ಬಿತ್ತುವ ಜಾಗ. ನೆರೆಯವನದು ಬರಿಯ ಕೆಶ್ತ್, ಅಂದರೆ ಬೆಳೆ. ಒಂದೇ ಬೇರಿನ ಎರಡು ಪದ ಇಟ್ಟು, ನನಗೆ ಜಾಗ ಉಳಿಯಿತು, ಅವನಿಗೆ ಬೆಳೆ ಬಂತು ಎಂದು ಹೇಳಿದ ಹಾಗಾಯಿತು. ಸೂಗ್‌ವಾರಾನ್ ನಡುವೆ ಸೂಗ್‌ವಾರಾನ್: ಒಂದೇ ಪದ, ಮೂರು ಗಣದ ಸಾಲಿನ ಮೊದಲಲ್ಲೂ ಕೊನೆಯಲ್ಲೂ, ನಡುವಿನ ಗಣಕ್ಕೆ ಹೊರಬರಲು ದಾರಿಯೇ ಇಲ್ಲದಂತೆ. ಆ ‘ವಾರಾನ್’ಗೆ ಮುಂದಿನ ಸಾಲಿನ ‘ಬಾರಾನ್’ ಉತ್ತರ ಕೊಡುತ್ತದೆ. ನೀಮಾ ಹೇಳಿದ ಗಂಟೆ ಬಾರಿಸಿದ್ದು ಇಲ್ಲಿ, ಮಾತು ತನ್ನ ಪ್ರಶ್ನೆಗೆ ತಲುಪಿದಾಗ.

ಬದಲಿಸಿ ನೋಡುವ ಪರೀಕ್ಷೆ

ಗೆರೆ ಎಳೆದದ್ದೆಲ್ಲ ಗುಣವೆಂದು ತಿಳಿಯಬಾರದು. ಭಾಷೆಯಲ್ಲಿರುವ ಸದ್ದುಗಳೇ ಕಡಿಮೆ. ಆಕಸ್ಮಿಕವಾಗಿಯೂ ಅನುಪ್ರಾಸ ಬೀಳುತ್ತದೆ. ದಿನಸಿ ಅಂಗಡಿಯ ಚೀಟಿಯಲ್ಲೂ ‘ಕಡಲೆ, ಕೊತ್ತಂಬರಿ, ಕರಿಮೆಣಸು’ ಎಂದು ಇರುತ್ತದೆ.

ಜೋಡಿಯ ಒಂದು ಪದವನ್ನು ತೆಗೆದು ಅದೇ ಅರ್ಥದ ಬೇರೆ ಪದ ಹಾಕಿ ಓದಿ. ಮೀಗೆರ್ಯಂದ್ ಬದಲು ‘ಅಶ್ಕ್ ಮೀರೀಜ಼ಂದ್’, ಕಣ್ಣೀರು ಸುರಿಸುತ್ತಾರೆ. ಅರ್ಥ ಹೆಚ್ಚುಕಡಿಮೆ ಅದೇ, ಅನುಮಾನ ಮಾಯ. ಕೆಶ್ತ್‌ಗಾಹ್ ಬದಲು ‘ಮಜ಼್ರಎ’, ಅದೂ ಹೊಲವೇ. ಹಾಕಿದೊಡನೆ ನೆರೆಯವನ ಬೆಳೆಯೊಂದಿಗಿನ ಬಳ್ಳಿ ಕತ್ತರಿಸಿಹೋಗುತ್ತದೆ. ಬದಲಿಸಿದರೂ ಏನೂ ಕಳೆದುಹೋಗದಿದ್ದರೆ ಆ ಗೆರೆಯನ್ನು ರಬ್ಬರಿನಿಂದ ಅಳಿಸಿ. ನನ್ನ ಪ್ರತಿಗಳಲ್ಲಿ ಅಳಿಸಿದ ಗುರುತುಗಳೇ ಜಾಸ್ತಿ.

ಹೆಸರುಗಳನ್ನು ಈಗ ಹೇಳಬಹುದು. ಬಿಡಿ ಸದ್ದುಗಳ ಮರುಕಳಿಕೆಗೆ ಇಂದಿನ ಇರಾನಿನವರು ವಾಜ್‌ಆರಾಯಿ ಎನ್ನುತ್ತಾರೆ. ನಮ್ಮ ವೃತ್ತ್ಯನುಪ್ರಾಸ ಅದರ ಹತ್ತಿರದ್ದು. ಸದ್ದಿನಲ್ಲಿ ಒಂದೇ ಆಗಿ ಅಥವಾ ಒಂದೇ ಎನ್ನುವಷ್ಟು ಹತ್ತಿರವಾಗಿ ಅರ್ಥದಲ್ಲಿ ಬೇರೆಯಾದ ಜೋಡಿಗೆ ಜೆನಾಸ್. ಪೂರ್ತಿ ಒಂದೇ ಆದರೆ ಜೆನಾಸೆ ತಾಮ್, ಅಂದರೆ ನಮ್ಮ ಯಮಕದ ನೆಂಟ: ಇಂದಿನ ಇರಾನಿನಲ್ಲಿ ಹಾಲು, ಸಿಂಹ, ನೀರಿನ ನಲ್ಲಿ ಮೂರಕ್ಕೂ ‘ಶೀರ್’ ಎಂದೇ ಉಚ್ಚಾರ. ಕೊನೆ ಕೂಡುವ ಪದಗಳಿಗೆ, ಮುಖ್ಯವಾಗಿ ಗದ್ಯದಲ್ಲಿ, ಸಜ್. ಒಂದೇ ಬೇರಿನ ಪದಗಳಿಗೆ ಎಶ್ತೆಗಾಗ್. ವಿರುದ್ಧಗಳಿಗೆ ತಜ಼ಾದ್. ಒಂದು ಮನೆತನದ ವಸ್ತುಗಳನ್ನು ಒಟ್ಟಿಗೆ ತರುವುದಕ್ಕೆ ಮೊರಾಆತೆ ನಜ಼ೀರ್: ಹೂವು ಬಂದರೆ ಬುಲ್‌ಬುಲ್, ದೀಪ ಬಂದರೆ ಪತಂಗ. ಹಳೆಯ ಕಾವ್ಯ ಈ ಕೊನೆಯದನ್ನು ಸವೆಯುವಷ್ಟು ಬಳಸಿತು. ನೀಮಾ ಬುಲ್‌ಬುಲ್ ಬಿಟ್ಟು ಮರಗಪ್ಪೆಯನ್ನು ತಂದದ್ದು ಅದಕ್ಕೇ ಇರಬೇಕು.

ಒಂದು ಅಭ್ಯಾಸ

ಈಗ ನಿಮ್ಮಷ್ಟಕ್ಕೆ ನೀಮಾರದೇ ಇನ್ನೊಂದು ಕವಿತೆಯ ಆರಂಭವನ್ನು ಮಾಡಿ ನೋಡಿ:

ಮೀ ತರಾವದ್ ಮಹ್‌ತಾಬ್
ಮೀ ದೆರಖ್ಶದ್ ಶಬ್‌ತಾಬ್
ನೀಸ್ತ್ ಯೆಕ್ ದಮ್ ಶೆಕನದ್ ಖಾಬ್ ಬೆ ಚಶ್ಮೆ ಕಸ್ ಒ ಲೀಕ್
ಗಮೆ ಈನ್ ಖೊಫ್ತೆಯೆ ಚಂದ್
ಖಾಬ್ ದರ್ ಚಶ್ಮೆ ತರಮ್ ಮೀ ಶೆಕನದ್

ಬೆಳದಿಂಗಳು ಜಿನುಗುತ್ತಿದೆ, ಮಿಂಚುಹುಳು ಹೊಳೆಯುತ್ತಿದೆ. ಯಾರ ಕಣ್ಣಿನ ನಿದ್ದೆಯೂ ಒಂದು ಗಳಿಗೆ ಮುರಿಯುವುದಿಲ್ಲ, ಆದರೆ ಈ ಮಲಗಿದವರ ಚಿಂತೆ ನನ್ನ ಒದ್ದೆ ಕಣ್ಣಿನಲ್ಲಿ ನಿದ್ದೆಯನ್ನು ಮುರಿಯುತ್ತದೆ.

ಮಹ್‌ತಾಬ್-ಶಬ್‌ತಾಬ್ ಎಲ್ಲರಿಗೂ ಸಿಗುತ್ತದೆ. ಮೊದಲೆರಡು ಸಾಲಿಗೆ ಪ್ರಸ್ತಾರ ಹಾಕಿದರೆ ಅಕ್ಷರಕ್ಕೆ ಅಕ್ಷರ ತೂಕ ಸರಿಹೋಗುವುದೂ ಕಾಣುತ್ತದೆ. ಬೇಗ ಕಾಣದೆ ಇರುವುದು ಎರಡು. ಒಂದು, ಮೂರನೆಯ ಸಾಲಿನ ಶೆಕನದ್, ಖಾಬ್, ಚಶ್ಮ್ (ಮುರಿ, ನಿದ್ದೆ, ಕಣ್ಣು) ಐದನೆಯ ಸಾಲಿಗೆ ಬರುವಾಗ ಖಾಬ್, ಚಶ್ಮ್, ಶೆಕನದ್ ಆಗಿವೆ. ತಲೆಯಲ್ಲಿದ್ದ ಕ್ರಿಯಾಪದ ಬಾಲಕ್ಕೆ ಹೋಯಿತು. ‘ಇಲ್ಲ’ ಎಂಬ ನಿಷೇಧ ಕಳಚಿತು. ಊರಿನವರ ನಿದ್ದೆ ಮತ್ತು ಕವಿಯ ನಿದ್ದೆಗೇಡು ಒಂದೇ ಮೂರು ಪದಗಳಿಂದ ಕಟ್ಟಿದವು. ಎರಡು, ಮೊದಲ ಸಾಲಿನ ‘ತರಾವದ್’ (ಜಿನುಗು) ಕೊನೆಯ ಸಾಲಿನ ‘ತರಮ್’ನಲ್ಲಿ (ನನ್ನ ಒದ್ದೆ) ಮರಳಿ ಬರುತ್ತದೆ. ಜಿನುಗಿದ್ದು ಬೆಳದಿಂಗಳು, ಒದ್ದೆಯಾದದ್ದು ಕಣ್ಣು. ಬದಲಿಸುವ ಪರೀಕ್ಷೆಯನ್ನು ಇಲ್ಲಿಯೂ ಮಾಡಬೇಕು. ಬೆಳದಿಂಗಳಿಗೆ ‘ಜಿನುಗು’ ಬಿಟ್ಟು ‘ಬೀಳು’ ಹಾಕಿ ನೋಡಿ.

ಉಳಿದ ಹೊಸ ಕವಿಗಳ ಮಾತನ್ನು ಬೇಗ ಮುಗಿಸುತ್ತೇನೆ. ಮೆಹ್ದಿ ಅಖವಾನ್ ಸಾಲೆಸ್ ಅವರ ಚಳಿಗಾಲದ ಕವಿತೆ 1953ರಲ್ಲಿ ಇರಾನಿನ ಪ್ರಧಾನಿ ಮೊಸದ್ದೆಗ್ ಅವರ ಸರಕಾರ ಉರುಳಿದ ನಂತರದ ವರ್ಷಗಳದ್ದು. ಅದರಲ್ಲಿ ‘ಸರ್ಮಾ ಸಖ್ತ್ ಸೂಜ಼ಾನ್ ಅಸ್ತ್’ ಎಂಬ ತುಣುಕಿದೆ: ಚಳಿ ತೀವ್ರವಾಗಿ ಸುಡುತ್ತಿದೆ. ಸಾಲುಸಾಲಾಗಿ ಬರುವ ಸಕಾರಗಳನ್ನು ಹಲ್ಲು ಕಚ್ಚದೆ ಹೇಳಲು ಆಗುವುದಿಲ್ಲ, ಅದೇ ಚಳಿಯಲ್ಲಿ ನಿಂತವನ ಬಾಯಿ. ಹನ್ನೊಂದನೆಯ ಶತಮಾನದ ಮನೂಚೆಹ್ರಿಯ ‘ಖೀಜ಼ೀದ್ ಒ ಖಜ಼್ ಆರೀದ್ ಕೆ ಹೆಂಗಾಮೆ ಖಜ಼ಾನ್ ಅಸ್ತ್’ ಜೊತೆಗಿಟ್ಟು ಓದಿದರೆ ಕಸುಬು ಹಳೆಯದೇ, ಕೆಲಸ ಹೊಸದು ಎಂದು ತಿಳಿಯುತ್ತದೆ. ಮನೂಚೆಹ್ರಿಗೆ ಖಕಾರ ಜ಼ಕಾರಗಳು ಎಲೆಯುದುರುವ ಕಾಲದ ಸಂಭ್ರಮ, ಅಖವಾನರಿಗೆ ಸಕಾರ ಶಿಕ್ಷೆ.

ಅಹ್ಮದ್ ಶಾಮ್ಲೂ ಛಂದಸ್ಸನ್ನೇ ಬಿಟ್ಟು ಬರೆದವರು, ಹಾಗಾಗಿ ಅವರಲ್ಲಿ ಪ್ರಸ್ತಾರ ಹಾಕಲು ಹೋಗಬೇಡಿ, ಸಜ್ ಹುಡುಕಿ. ಆದರೆ ‘ಪರಿಯಾ’ ಎಂಬ ಅವರ ಕಿನ್ನರಿಯರ ಕವಿತೆ ಮಕ್ಕಳ ಹಾಡಿನ ಧಾಟಿಯದ್ದು. ಇರಾನಿನ ಅಜ್ಜಿಕತೆಗಳು ಶುರುವಾಗುವ ‘ಯೆಕೀ ಬೂದ್, ಯೆಕೀ ನಬೂದ್’ (ಒಬ್ಬನಿದ್ದ, ಒಬ್ಬನಿರಲಿಲ್ಲ) ಎಂಬ ಜೋಡಿಯಿಂದಲೇ ಅದು ಶುರುವಾಗುತ್ತದೆ. ಬೀದಿಯ ಮಾತಿನ ಜೋಡಿಗಳನ್ನು ಕವಿತೆಗೆ ತರುವ ಧೈರ್ಯ ಅಲ್ಲಿದೆ. ನಾವು ಪುಸ್ತಕ-ಗಿಸ್ತಕ ಎಂದ ಹಾಗೆ ಇರಾನಿನವರು ಕೆತಾಬ್-ಮೆತಾಬ್ ಎನ್ನುತ್ತಾರೆ. ನಮ್ಮ ‘ಗಿ’ ಇರುವಲ್ಲಿ ಅವರ ‘ಮ’.

ಬರೆಯುವವರಿಗೆ, ಅನುವಾದಿಸುವವರಿಗೆ

ನಮ್ಮ ಕೂಟದಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಖೊಶ್ಕ್-ಕೆಶ್ತ್ ಮಾದರಿ ಹಿಡಿದು ಅಘನಾಶಿನಿ ನದಿಯ ಉಪ್ಪುನೀರಿನ ಗಜನಿ ಗದ್ದೆಗಳು, ಅಲ್ಲಿ ಬೆಳೆಯುವ ಕಗ್ಗ ಎಂಬ ಭತ್ತ ಇವುಗಳ ಮೇಲೆ ಎರಡು ಸಾಲು ಬರೆದು ತಂದ:

ಉಪ್ಪು ನೀರನು ಒಪ್ಪಿದ ನೆಲ,
ಬಗ್ಗದೆ ನಿಂತಿದೆ ಕಗ್ಗ.

ಉಪ್ಪು-ಒಪ್ಪು ಚೆನ್ನಾಗಿದೆ, ಕೆಲಸವನ್ನೂ ಮಾಡುತ್ತದೆ: ಬೇರೆ ಭತ್ತ ತಾಳದ ಉಪ್ಪನ್ನು ಕಗ್ಗ ತಾಳುತ್ತದೆ ಎಂಬ ಸಂಗತಿ ಎರಡು ಪದಗಳಲ್ಲಿ ಬಂತು. ಎಲ್ಲರೂ ತಲೆದೂಗಿದರು. ಕುಮಟೆಯ ಕಡೆಯಿಂದ ಬರುವ, ಮನೆಯಲ್ಲಿ ಗಜನಿ ಬೇಸಾಯವಿರುವ ಅಕ್ಕ ಒಬ್ಬರು ಮಾತ್ರ, ‘ತಮ್ಮಾ, ತೆನೆ ತುಂಬಿದರೆ ಕಗ್ಗವೂ ಬಗ್ಗುತ್ತದೆ, ಬಗ್ಗದಿದ್ದರೆ ಅದು ಜೊಳ್ಳು’ ಎಂದರು. ಹುಡುಗ ಪ್ರಾಸವನ್ನು ಬಿಡಲಿಲ್ಲ, ನಿಷೇಧವನ್ನು ಬಿಟ್ಟ: ‘ಬಗ್ಗಿದೆ ತುಂಬಿದ ಕಗ್ಗ’. ಸದ್ದು ಕರೆದುಕೊಂಡು ಹೋದಲ್ಲಿಗೆಲ್ಲ ಹೋಗುವವರಿಗೆ ಇಂಥ ಒಬ್ಬ ಓದುಗರು ಬೇಕು. ನಿಮ್ಮ ಜೋಡಿಯನ್ನು ಆ ವಸ್ತುವಿನೊಂದಿಗೆ ಬದುಕುವವರಿಗೆ ಓದಿ ತೋರಿಸಿ. ಕವಿಗಳಿಗೆ ತೋರಿಸಿದರೆ ಹೊಗಳಿ ಕಳಿಸುತ್ತಾರೆ.

ಅನುವಾದದಲ್ಲಿ ಅದೇ ಸದ್ದನ್ನು ತರಲು ಒದ್ದಾಡಬೇಡಿ. ಜೋಡಿ ಮಾಡುತ್ತಿದ್ದ ಕೆಲಸವನ್ನು ತನ್ನಿ. ಕವಯಿತ್ರಿ ಫೊರೂಗ್ ಫರ್ರೊಖ್‌ಜ಼ಾದರ ಸಾಲೊಂದರಲ್ಲಿ ‘ಬಾದ್ ಬಾ ಬರ್ಗೆ ದೆರಖ್ತಾನ್’ ಎಂದು ಗಾಳಿಯೂ ಮರದೆಲೆಯೂ ಬಕಾರದಲ್ಲಿ ಕೂಡುತ್ತವೆ, ಅವೆರಡಕ್ಕೂ ಭೇಟಿಯ ಕರಾರಿದೆ ಎಂದು ಸಾಲು ಮುಂದುವರಿಯುತ್ತದೆ. ಕನ್ನಡದ ಗಾಳಿಯಲ್ಲಿ ಬಕಾರವಿಲ್ಲ. ‘ಗಾಳಿಗೂ ಎಲೆಗೂ ಗೊತ್ತಾದ ಗಳಿಗೆ’ ಎಂದರೆ ಗಕಾರ ಆ ಕೆಲಸ ಮಾಡೀತು. ಎಲೆ ಹೊರಗುಳಿಯಿತು ಎಂಬ ಕೊರತೆ ನನಗೂ ಕಾಣುತ್ತದೆ, ಅದಕ್ಕಿಂತ ಒಳ್ಳೆಯದು ಹೊಳೆದವರು ಬರೆಯಲಿ. ಕೆಲವೊಮ್ಮೆ ಕನ್ನಡ ಕೇಳದೆಯೇ ಕೊಡುತ್ತದೆ: ಮೀಗೂಯಂದ್-ಮೀಗೆರ್ಯಂದ್‌ಗೆ ನಮ್ಮಲ್ಲಿ ‘ಅಳುತ್ತಾರೆಂದು ಹೇಳುತ್ತಾರೆ’ ಸಿದ್ಧವಾಗಿಯೇ ಇದೆ. ಇಂಥದ್ದು ಸಿಕ್ಕಾಗ ‘ರೋದಿಸುತ್ತಿರುವರೆಂದು ನುಡಿಯುವರು’ ಎಂದು ಬರೆದು ಕೆಡಿಸುವವರ ಮೇಲೆ ನನಗೆ ಸಿಟ್ಟಿದೆ.

ಮುಂದಿನ ಕವಿತೆಯಾಗಿ ಸೊಹ್ರಾಬ್ ಸೆಪೆಹ್ರಿ ಅವರ ನೀರಿನ ಕವಿತೆಯನ್ನು ತೆಗೆದುಕೊಳ್ಳಿ. ‘ಆಬ್ ರಾ ಗೆಲ್ ನಕೊನೀಮ್’, ನೀರನ್ನು ಕದಡದಿರೋಣ, ಎಂದು ಶುರುವಾಗುತ್ತದೆ. ಮೊದಲ ಪದ ‘ಆಬ್’ ಮತ್ತೆ ಎಲ್ಲಿ ಬಂದು ನಿಲ್ಲುತ್ತದೆ ಎಂದು ನೀಲಿಯಲ್ಲಿ ಗುರುತಿಸಿ, ಕೆಂಪಿನಲ್ಲಿ ದೀರ್ಘ ‘ಆ’ ಹಿಡಿಯಿರಿ. ಲಿಪಿ ನೋಡಿ ಊಹಿಸಿ ‘ಗೆಲ್’ ಇರುವಲ್ಲಿ ‘ಗೊಲ್’ ಎಂದು ಬರೆದುಕೊಂಡರೆ ಕೆಸರು ಹೋಗಿ ಹೂವಾಗುತ್ತದೆ; ಮುದ್ರಿಕೆ ಕೇಳಿ ಬರೆದುಕೊಂಡ ಮೇಲೆಯೇ ಪೆನ್ಸಿಲ್ ಚೂಪು ಮಾಡಿ.